ಮಾರುವವರ ಲೆಕ್ಕ ಬೇರೆ, ಪಕ್ಕದ ಹೊಲದವರ ಲೆಕ್ಕ ಬೇರೆ

ಪ್ರಶ್ನೆ: ನಮಸ್ಕಾರ. ಪುಣೆಯ ನಿಗಡಿಯಲ್ಲಿ 19 ವರ್ಷದಿಂದ ಇದ್ದೇನೆ. ತವರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಅಪ್ಪ ಮತ್ತು ಕಾಕಾ ಅವರಿಗೆ ವಾಟ್ನಿಯಲ್ಲಿ (ಆಸ್ತಿ ಭಾಗ ಆದಾಗ) ತಲಾ 8 ಎಕರೆ ಬಂದಿತ್ತು. ಅಪ್ಪ ತೀರಿಕೊಂಡ ಮೇಲೆ ನಮ್ಮ 8 ಎಕರೆಯ ಉತಾರದಲ್ಲಿ (ಪಹಣಿಯಲ್ಲಿ) ಅವ್ವ, ನಾನು, ತಮ್ಮ ಮೂವರ ಹೆಸರಿದೆ. ಸಾಗುವಳಿ ಎಲ್ಲಾ ಕಾಕಾ ಅವರದೇ. ರಾಶಿ ಆದಮೇಲೆ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಕೊಡುತ್ತಾರೆ. ಈಗ ಪುಣೆಯ ಒಂದು ಗುಂಪು ಅಲ್ಲಿ 60 ಎಕರೆ ಕೂಡಿಸುತ್ತಿದೆ, ಎಕರೆಗೆ 14 ಲಕ್ಷ ಹೇಳಿದ್ದಾರೆ. ಆ ಗುಂಪಿನಲ್ಲಿ ನಮ್ಮ ಯಜಮಾನರ ಆಫೀಸಿನವರೇ ಇಬ್ಬರಿದ್ದಾರೆ. ಮಾರಿದರೆ ಕಾಕಾ ಅವರಿಗೆ ನಿಜವಾಗಿ ಏನು ತೊಂದರೆ? ಅವರ 8 ಎಕರೆ ಅವರ ಹತ್ತಿರವೇ ಇರುತ್ತಲ್ವಾ? ಎಳ್ಳಮಾವಾಸ್ಯೆಗೆ ಊರಿಗೆ ಹೋಗುವವರಿದ್ದೇವೆ, ಅಷ್ಟರೊಳಗೆ ಒಂದು ತೀರ್ಮಾನಕ್ಕೆ ಬರಬೇಕು.

ಉತ್ತರ: ತಂಗಿ, ನಿಮ್ಮ ಪತ್ರದ ಕೊನೆಯ ಪ್ರಶ್ನೆಯೇ ಮುಖ್ಯ. ಅವರ 8 ಎಕರೆ ಅವರ ಹತ್ತಿರವೇ ಇರುತ್ತೆ, ನಿಜ. ಆದರೆ ಆ 8 ಎಕರೆ ಇವತ್ತು ಹೇಗಿದೆಯೋ ಹಾಗೆ ಇರುವುದಿಲ್ಲ. ಬ್ಯಾಂಕಿನಲ್ಲಿ ಕೃಷಿ ಸಾಲದ ಕೆಲಸ ಮಾಡಿಕೊಂಡು ವಿಜಯಪುರ, ಸೊಲ್ಲಾಪುರ, ಪುಣೆ ಜಿಲ್ಲೆಗಳಲ್ಲಿ ಓಡಾಡಿದವನು ನಾನು. ಹೊಲ ಮಾರಿದವರಿಗಿಂತ, ಮಾರದೆ ಪಕ್ಕದಲ್ಲಿ ಉಳಿದವರು ಜಾಸ್ತಿ ಕಷ್ಟ ಪಟ್ಟಿದ್ದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಮೊದಲು ದುಡ್ಡಿನ ಲೆಕ್ಕ, ಮುಚ್ಚುಮರೆ ಇಲ್ಲದೆ. ಒಳ್ಳೆ ಮಳೆಯಾದ ವರ್ಷ ಒಣಬೇಸಾಯದ ಎರೆಹೊಲದಲ್ಲಿ ಎಕರೆಗೆ 5 ಕ್ವಿಂಟಲ್ ತೊಗರಿ ಅಂತ ಹಿಡಿಯಿರಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಲ್ಲಿಗೆ 40,000 ಆಯಿತು. ಬೀಜ, ಗೊಬ್ಬರ, ಔಷಧಿ, ಟ್ರ್ಯಾಕ್ಟರ್, ಕಳೆ, ಕೊಯ್ಲು ಎಲ್ಲಾ ಸೇರಿ ಅರ್ಧ ಹೋಗುತ್ತೆ. ಉಳಿಯೋದು 20,000. ಅದರಲ್ಲಿ ಅರ್ಧ ನಿಮಗೆ. ಅಂದರೆ 8 ಎಕರೆಗೆ ವರ್ಷಕ್ಕೆ 80,000, ಅದೂ ಮಳೆ ಕೈಕೊಡದಿದ್ದರೆ. ಅದೇ ಹೊಲ ಮಾರಿದರೆ 1 ಕೋಟಿ 12 ಲಕ್ಷ ಬರುತ್ತೆ. ಸುಮ್ನೆ ಬ್ಯಾಂಕಿನಲ್ಲಿ 6 ಪರ್ಸೆಂಟಿಗೆ ಇಟ್ಟರೂ ವರ್ಷಕ್ಕೆ 6.72 ಲಕ್ಷ. ಹಾಗಾಗಿ ಮಾರುವ ಮನಸ್ಸು ಬಂದಿದ್ದಕ್ಕೆ ನಿಮ್ಮನ್ನು ಯಾರೂ ದೂರುವ ಹಾಗಿಲ್ಲ. ಅವ್ವನ ಔಷಧಿ, ಮಕ್ಕಳ ಫೀ ಎಲ್ಲಾ ಇರುತ್ತೆ.

ಈಗ ಇದನ್ನೇ ಕಾಕಾ ಅವರ ಕಡೆಯಿಂದ ನೋಡಿ. ಅವರ ಮಗ ಒಕ್ಕಲುತನ ಮಾಡುವ ಹುಡುಗ ಅಂತಿಟ್ಟುಕೊಳ್ಳಿ, ಇನ್ನೊಂದು ಎಕರೆ ಕೊಳ್ಳಬೇಕು ಅಂತ ಆಸೆ. 14 ಲಕ್ಷ ಸಾಲ ಮಾಡಿದರೆ 10 ಪರ್ಸೆಂಟಿನ ಹಾಗೆ ಬಡ್ಡಿಯೇ ವರ್ಷಕ್ಕೆ 1.4 ಲಕ್ಷ. ಹೊಲ ಕೊಡೋದು 20,000. ವರ್ಷಕ್ಕೆ 20,000 ಹುಟ್ಟಿಸುವ ಆಸ್ತಿಗೆ, ಬರೀ ಬೆಳೆ ನೋಡಿ ಬೆಲೆ ಕಟ್ಟಿದರೆ, ಎರಡೂವರೆ ಲಕ್ಷಕ್ಕಿಂತ ಮೇಲೆ ಹೋಗಲ್ಲ. ಉಳಿದ ಹನ್ನೊಂದೂವರೆ ಲಕ್ಷ ಬೆಳೆಯ ಬೆಲೆ ಅಲ್ಲ, ಅದು ಪುಣೆಯ ಸಂಬಳದ ಬೆಲೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಪಟ್ಟಣದ ಮಿತಿಯಿಂದ ದೂರದ ಹಳ್ಳಿ ಹೊಲ ಮಾರಿದರೆ ಲಾಭದ ಮೇಲೂ ತೆರಿಗೆ ಬೀಳಲ್ಲ, ಹತ್ತು ವರ್ಷ ಬಿಟ್ಟರೆ ಡಬಲ್ ಆಗುತ್ತೆ ಅನ್ನುವ ನಂಬಿಕೆ ಬೇರೆ. ಇಷ್ಟೆಲ್ಲಾ ಸೇರಿ ಬೆಲೆ ಆಗಿದೆ. ಇಂಥ ಬೆಲೆ ಒಮ್ಮೆ ಕೂತಿತು ಅಂದರೆ ಆ ಊರಲ್ಲಿ ಹೊಲ ಬೆಳೆಸಿಕೊಳ್ಳುವ ದಾರಿ ಒಕ್ಕಲಿಗೆ ಮುಚ್ಚಿದ ಹಾಗೆ. ಮಾರಬಹುದು, ಕೊಳ್ಳೋಕಾಗಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂಮುಕ್ಕಾಲು ಎಕರೆಯೂ ಇಲ್ಲ. 1970-71ರಲ್ಲಿ ಅದು 2.28 ಹೆಕ್ಟೇರ್ ಇತ್ತು. ಹಿಡುವಳಿ ಅರ್ಧಕ್ಕಿಂತ ಕೆಳಗಿಳಿದಿರುವಾಗ ಪಕ್ಕದ ಹೊಲ ಕೊಳ್ಳುವ ಅವಕಾಶವೂ ಇಲ್ಲ ಅಂದರೆ ಆ ಹುಡುಗ ಇನ್ನೆಷ್ಟು ದಿನ ನಿಂತಾನು?

ಪುಣೆಯವರು ಇಂಡಿಯವರೆಗೆ ಬರೋಕೆ ಕಾಯ್ದೆಯೂ ಒಂದು ಕಾರಣ. ಮಹಾರಾಷ್ಟ್ರದಲ್ಲಿ 1948ರ ಗೇಣಿ ಕಾಯ್ದೆಯ 63ನೇ ಕಲಂ ಪ್ರಕಾರ, ವಿಶೇಷ ಅನುಮತಿ ಇಲ್ಲದಿದ್ದರೆ, ರೈತನಲ್ಲದವನು ಹೊಲ ಕೊಳ್ಳುವ ಹಾಗಿಲ್ಲ. ಅದಕ್ಕೇ ಇಲ್ಲಿ ಜನ ಸಾತ್‌ಬಾರಾ ಉತಾರದಲ್ಲಿ ಹೆಸರು ಇದೆಯಾ ಅಂತ ಮೊದಲು ಕೇಳೋದು. ಗೋವಾ ಇನ್ನೂ ಬಿಗಿ ಮಾಡಿದೆ, 2023ರ ಕಾಯ್ದೆಯಿಂದ ಭತ್ತದ ಗದ್ದೆಯನ್ನು ಒಕ್ಕಲಲ್ಲದವರಿಗೆ ಮಾರೋದನ್ನು ತಡೆದಿದೆ. ಕರ್ನಾಟಕ ಉಲ್ಟಾ ದಾರಿ ಹಿಡಿಯಿತು. ಬೇರೆ ಕಡೆಯಿಂದ ಇಂತಿಷ್ಟಕ್ಕಿಂತ ಜಾಸ್ತಿ ಆದಾಯ ಇರುವವರು ಹೊಲ ಕೊಳ್ಳಬಾರದು ಅನ್ನುವ 79ಎ ಕಲಂ ಇತ್ತು. ಆ ಮಿತಿಯನ್ನು 2015ರಲ್ಲಿ 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಿದರು. 2020ರಲ್ಲಿ 79ಎ ಜೊತೆಗೆ, ಕೃಷಿ ಮಾಡದವರು ಮತ್ತು ಕಂಪನಿಗಳು ಹೊಲ ಇಟ್ಟುಕೊಳ್ಳದ ಹಾಗೆ ತಡೆದಿದ್ದ 79ಬಿಯನ್ನೂ ತೆಗೆದುಹಾಕಿದರು. ಪುಣೆಯ ಐಟಿ ಕಂಪನಿಗಳಿರುವ ಹಿಂಜೇವಾಡಿಯಲ್ಲಿ ಕೂತವರಿಗೆ ಅಲ್ಲೇ ಮುಳಶಿ ತಾಲೂಕಿನಲ್ಲಿ ಕೊಳ್ಳೋದಕ್ಕಿಂತ ಭೀಮಾ ನದಿ ದಾಟಿ ಕರ್ನಾಟಕದಲ್ಲಿ ಕೊಳ್ಳೋದೇ ಸಲೀಸು ಆಗಿಹೋಯಿತು.

ಮುಳಶಿ ಹೆಸರು ಬಂತಲ್ಲ, ಅಲ್ಲಿಯದೇ ಒಂದು ಹೊಲದ ವಿಷಯ ಹೇಳುತ್ತೇನೆ. ನೂರು ವರ್ಷದ ಹಿಂದೆ ಮುಂಬೈಗೆ ಕರೆಂಟ್ ಕೊಡುವ ಟಾಟಾ ಅಣೆಕಟ್ಟಿಗೆ ಜಮೀನು ಹೋಗುತ್ತದೆ ಅಂತ ಅಲ್ಲಿನ ಮಾವಳ ರೈತರು 1921ರಲ್ಲಿ ಸೇನಾಪತಿ ಬಾಪಟರ ಜೊತೆ ಸತ್ಯಾಗ್ರಹ ಕೂತಿದ್ದರು. ಅಣೆಕಟ್ಟು ನಿಲ್ಲಲಿಲ್ಲ. ಉಳಿದ ಗದ್ದೆಗಳಿಗೆ ಈಗ ಫಾರ್ಮ್‌ಹೌಸಿನವರು ಬಂದಿದ್ದಾರೆ. ನಾನು ಹೇಳುತ್ತಿರುವ ರೈತ ಒಂದು ಗುಂಟೆಯನ್ನೂ ಮಾರಿಲ್ಲ. ಒಂದೂವರೆ ಎಕರೆಯಲ್ಲಿ ಇಂದ್ರಾಯಣಿ ಭತ್ತ ಬೆಳೆಯುತ್ತಾರೆ. ಮೆಟ್ಟಿಲು ಮೆಟ್ಟಿಲಾದ ಗದ್ದೆ ಅದು. ಮೇಲಿನ ಗದ್ದೆ ತುಂಬಿದ ನೀರು ಬದುವಿನ ಕಂಡಿಯಿಂದ ಕೆಳಗಿನದಕ್ಕೆ ಇಳಿಯುತ್ತೆ, ಹೀಗೇ ಹಳ್ಳದವರೆಗೆ ಹೋಗುತ್ತೆ. ಮೇಲಿನ ಮೂರು ಗದ್ದೆ ಮಾರಾಟವಾದವು. ಕೊಂಡವರು ಮಣ್ಣು ತುಂಬಿಸಿ ಮಟ್ಟ ಮಾಡಿ ಸುತ್ತ ಕಲ್ಲಿನ ಕಾಂಪೌಂಡ್ ಹಾಕಿದರು. ಸಣ್ಣ ಮಳೆಗೆ ಒಂದು ಹನಿಯೂ ಇವರ ಗದ್ದೆಗೆ ಇಳಿಯಲ್ಲ. ದೊಡ್ಡ ಮಳೆಗೆ ಕಾಂಪೌಂಡಿನ ತಳದ ಪೈಪಿನಿಂದ ಒಂದೇ ಸಲ ರಭಸವಾಗಿ ಬಂದು ನಾಟಿ ಮಾಡಿದ ಪೈರನ್ನು ಕಿತ್ತು ಹಾಕುತ್ತೆ. ಪವರ್ ಟಿಲ್ಲರ್ ಹೋಗುತ್ತಿದ್ದ ಬಂಡಿದಾರಿ ಗೇಟಿನ ಒಳಗೆ ಸೇರಿಹೋಗಿದೆ. ನಾನು ಹೋದ ದಿನ ಅವರ ಹೆಂಡತಿ ಅಗೆಯ ಕಟ್ಟು ತಲೆ ಮೇಲೆ ಹೊತ್ತು, ಎರಡು ಕಾಂಪೌಂಡಿನ ಮಧ್ಯದ ಸಂದಿಯಲ್ಲಿ ಅಡ್ಡಡ್ಡ ನಡೆದು ಬರುತ್ತಿದ್ದರು. ನೇರ ನಡೆದರೆ ಭುಜ ತಾಗುತ್ತೆ, ಅಷ್ಟು ಇಕ್ಕಟ್ಟು. ದಾರಿ ಬಿಡಿಸಿಕೊಡಲು 1906ರ ಮಾಮಲೇದಾರ ಕೋರ್ಟ್ ಕಾಯ್ದೆಯಲ್ಲಿ ತಹಶೀಲ್ದಾರರಿಗೆ ಅಧಿಕಾರ ಇದೆ, ಅರ್ಜಿ ಹಾಕಿ ಅಂತ ನಾನೇ ಹೇಳಿದೆ. ಹಾಕಿದ್ದಾರೆ. ಆದರೆ ನಾಟಿ ಮಾಡೋಕೆ ಇರೋದು ಹದಿನೈದು ದಿನ, ಕಚೇರಿಯ ತಾರೀಖು ಅದಕ್ಕೆ ಕಾಯಲ್ಲ.

ನಿಮ್ಮ ಇಂಡಿಯ ಕಡೆ ಮೆಟ್ಟಿಲು ಗದ್ದೆ ಇಲ್ಲ. ಆದರೆ ಒಡ್ಡು ಇವೆ, ಬಂಡಿದಾರಿ ಇದೆ, ಎಲ್ಲಕ್ಕಿಂತ ಮೇಲಾಗಿ ಬೋರ್‌ವೆಲ್ ಇದೆ. ಲಿಂಬೆ ತೋಟದವರ ಸಾಲದ ಕಡತ ನೋಡುತ್ತಿದ್ದ ಕಾಲದಲ್ಲಿ ಇದನ್ನು ಹತ್ತಿರದಿಂದ ಕಂಡಿದ್ದೇನೆ. ಒಬ್ಬರ ಬೋರ್ 300 ಅಡಿಯದು, ಹನ್ನೊಂದು ವರ್ಷ ನೀರು ಕೊಟ್ಟಿತ್ತು. ಪಕ್ಕದಲ್ಲಿ ಊರ ಹೊರಗಿನವರು 20 ಎಕರೆ ಕೊಂಡು ತಂತಿ ಬೇಲಿ ಹಾಕಿದರು, 800 ಅಡಿಯ ಮೂರು ಬೋರ್ ಕೊರೆಸಿದರು. ಎರಡನೇ ಬೇಸಿಗೆಗೆ ಇವರದು ಬತ್ತಿತು. ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಂಡರು, ಆದರೆ ನನ್ನ ಬ್ಯಾಂಕಿನ ಕಂತು ನಿಂತಿತು, ನೋಟಿಸಿಗೆ ಸಹಿ ಹಾಕಿದವನೂ ನಾನೇ. ಆ ಸಹಿ ಇವತ್ತಿಗೂ ನೆನಪಿದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಕರೆಂಟ್ ಉಚಿತ. ಅದು ಬಡ ರೈತನಿಗೆ ಅಂತ ಮಾಡಿದ ಅನುಕೂಲ. ಆದರೆ ಆಳ ಕೊರೆಸುವ ಶಕ್ತಿ ಯಾರಿಗಿದೆಯೋ ಅವರಿಗೆ ಅದರಿಂದ ಜಾಸ್ತಿ ನೀರು ಸಿಗುತ್ತೆ.

ಇನ್ನು ಕೊಂಡವರು ಏನೂ ಮಾಡದೆ ಸುಮ್ನೆ ಬಿಟ್ಟರೆ? ಅದು ಇನ್ನೂ ಕೆಟ್ಟದ್ದು. ಬೆಲೆ ಏರಲಿ ಅಂತ ಕೊಂಡವರಿಗೆ ಬೆಳೆಯ ಚಿಂತೆ ಇರಲ್ಲ. ನಾಲ್ಕು ವರ್ಷಕ್ಕೆ ಜಾಲಿ ಬೆಳೆಯುತ್ತೆ, ಹಂದಿ ಸೇರಿಕೊಳ್ಳುತ್ತೆ, ರಾತ್ರಿ ಪಕ್ಕದ ಜೋಳಕ್ಕೆ ನುಗ್ಗುತ್ತೆ. ಒಡ್ಡು ಒಡೆದರೆ ಕಟ್ಟುವವರಿಲ್ಲ, ಮೇಲಿನ ನೀರು ಕಾಕಾ ಅವರ ಮಣ್ಣು ಕೊಚ್ಚಿಕೊಂಡು ಹೋಗುತ್ತೆ.

ಇಷ್ಟರ ಮೇಲೆ, ಅವರ 8 ಎಕರೆ ನಡೆಯುತ್ತಿರೋದೇ ನಿಮ್ಮ 8 ಎಕರೆಯ ಜೊತೆಗೆ. 16 ಎಕರೆಗೆ ಒಂದು ಜೋಡಿ ಎತ್ತು ಅಥವಾ ಒಂದು ಸಣ್ಣ ಟ್ರ್ಯಾಕ್ಟರ್ ಹೊಂದುತ್ತೆ, 8ಕ್ಕೆ ಭಾರ. ಮೇವು, ಕಣ, ಆಳು, ಎಲ್ಲಾ ಆ ಅಳತೆಗೆ ಹೊಂದಿಸಿಕೊಂಡಿರುತ್ತಾರೆ. ನಿಮ್ಮ ಭಾಗ ಹೋದ ಮೇಲೆ ಎರಡು ಮೂರು ವರ್ಷದೊಳಗೆ ಅದೇ ಏಜೆಂಟ್ ಅವರ ಬಾಗಿಲಿಗೂ ಬರುತ್ತಾನೆ, ಆಗ 14 ಲಕ್ಷ ಹೇಳಲ್ಲ. ಸುತ್ತ ಬೇಲಿ ಬಿದ್ದ ಹೊಲಕ್ಕೆ ಬೇರೆ ಗಿರಾಕಿ ಇರಲ್ಲ ಅಂತ ಅವನಿಗೆ ಗೊತ್ತು.

ಹೊರಗಿನ ದುಡ್ಡು ಬಂದರೆ ಎಲ್ಲಾ ಕೆಡುತ್ತೆ ಅಂತ ನಾನು ಹೇಳುತ್ತಿಲ್ಲ. ಮಗಳ ಮದುವೆ ಸಾಲದಲ್ಲಿ ಮುಳುಗಿದ್ದವರು ಎರಡು ಎಕರೆ ಮಾರಿ ಉಳಿದ ನಾಲ್ಕಕ್ಕೆ ಹನಿ ನೀರಾವರಿ ಹಾಕಿಸಿ ಎದ್ದು ನಿಂತಿದ್ದನ್ನೂ ನೋಡಿದ್ದೇನೆ. ನಮ್ಮ ಪುಣೆಯ ಹಡಪಸರದಲ್ಲೇ ಮಗರಪಟ್ಟಾದ ನೂರಕ್ಕೂ ಹೆಚ್ಚು ಒಕ್ಕಲು ಕುಟುಂಬಗಳು ಸುಮಾರು 400 ಎಕರೆಯನ್ನು ಬಿಲ್ಡರ್‌ಗೆ ಮಾರದೆ, ತಾವೇ ಕಂಪನಿ ಮಾಡಿಕೊಂಡು, ಜಮೀನಿನ ಅಳತೆಗೆ ತಕ್ಕಂತೆ ಪಾಲು ಹಿಡಿದುಕೊಂಡವು. ಇಂಡಿ ಹಡಪಸರ ಅಲ್ಲ, ಒಪ್ಪುತ್ತೇನೆ. ನಿಮ್ಮ ಸೀಮೆಯಂಥ ಒಣಭೂಮಿಗೆ ಹೊಂದುವ ಉದಾಹರಣೆ ತುಮಕೂರು ಜಿಲ್ಲೆಯ ಪಾವಗಡ. ಅಲ್ಲಿ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಒಣಭೂಮಿಯನ್ನು ಬಾಡಿಗೆಗೆ ತೆಗೆದುಕೊಂಡರು, ಕ್ರಯಕ್ಕಲ್ಲ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಪಹಣಿ ರೈತರ ಹೆಸರಲ್ಲೇ ಉಳಿಯಿತು. ಆದರೆ ಅಲ್ಲೂ ಹೊಲ ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಬಾಡಿಗೆ ಬರಲಿಲ್ಲ, ಅವರ ಕೆಲಸ ಮಾತ್ರ ಹೋಯಿತು.

ಇಲ್ಲಿ ನಮ್ಮವರ ನಿಜವಾದ ದೌರ್ಬಲ್ಯ ಬರುತ್ತೆ, ಕಾಗದ. ಅಮೆರಿಕದಲ್ಲೂ ಹೂಡಿಕೆದಾರರು ಹೊಲ ಕೊಳ್ಳುತ್ತಾರೆ. ಬಿಲ್ ಗೇಟ್ಸ್ ಅವರ ಹೆಸರಲ್ಲಿ ಸುಮಾರು 2,42,000 ಎಕರೆ ಕೃಷಿಭೂಮಿ ಇದೆ ಅಂತ 2021ರಲ್ಲಿ ಸುದ್ದಿಯಾಗಿತ್ತು. ಅಲ್ಲಿಯ ಕೃಷಿಭೂಮಿಯಲ್ಲಿ ಹತ್ತಕ್ಕೆ ನಾಲ್ಕು ಪಾಲು ಬಾಡಿಗೆಯದು. ಅಲ್ಲಿನ ಸಣ್ಣ ರೈತರೂ ಇದರಿಂದ ನೊಂದಿದ್ದಾರೆ, ಆದರೆ ಬಾಡಿಗೆ ಮಾಡೋದು ಅಲ್ಲಿ ಕಾಯ್ದೆಯೊಳಗಿನ ಮಾತು. ಕರ್ನಾಟಕದಲ್ಲಿ ಭೂಸುಧಾರಣೆ ಕಾಯ್ದೆಯ 5ನೇ ಕಲಂ ಪ್ರಕಾರ ಸೈನಿಕರು, ನಾವಿಕರನ್ನು ಬಿಟ್ಟರೆ ಉಳಿದವರು ಉಳುಮೆಗೆ ಹೊಲ ಗೇಣಿ ಕೊಡುವ ಹಾಗೇ ಇಲ್ಲ. ಊರೂರಲ್ಲಿ ಲಾವಣಿ (ಗುತ್ತಿಗೆ), ಪಾಲು ಎಲ್ಲಾ ನಡೆಯುತ್ತೆ, ಆದರೆ ಬಾಯಿಮಾತಲ್ಲಿ. ಹಾಗಾಗಿ ನಿಮ್ಮ 8 ಎಕರೆಯನ್ನು ಇಷ್ಟು ವರ್ಷ ಉತ್ತ ಕಾಕಾ ಅವರ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಆ ಹೊಲದ ಮೇಲೆ ಅವರಿಗೆ ಬೆಳೆಸಾಲ ಇಲ್ಲ, ಬೆಳೆ ವಿಮೆ ಬಂದರೆ ಉತಾರದಲ್ಲಿ ಹೆಸರಿದ್ದವರಿಗೆ, ಬೆಂಬಲ ಬೆಲೆಗೆ ತೊಗರಿ ಹಾಕಲು ಬೇಕಾದ ಫ್ರೂಟ್ಸ್ (ಕರ್ನಾಟಕ ಸರ್ಕಾರದ ರೈತರ ಪಟ್ಟಿ) ನೋಂದಣಿಯೂ ಹಾಗೆಯೇ. ನೀವು ಮಾರಿದರೆ ನಾಳೆ ಬೆಳಿಗ್ಗೆ ಅವರು ಕೇಳುವ ಹಾಗಿಲ್ಲ.

ಯಾರಾದರೂ ನಿಮ್ಮನ್ನು 'ಉಳುವವನೇ ಒಡೆಯ, ಬಿಟ್ಟರೆ ಕಾಕಾ ಹೆಸರು ಬೀಳುತ್ತೆ, ಬೇಗ ಮಾರಿ' ಅಂತ ಹೆದರಿಸಿದ್ದರೆ ಆ ಭಯ ಬಿಡಿ. ಆ ಹಕ್ಕು 1974ರ ಮಾರ್ಚ್ 1ಕ್ಕೆ ಮುಂಚಿನ ಗೇಣಿದಾರರಿಗೆ, ಫಾರಂ 7 ಕೊಡುವ ಕೊನೆಯ ದಿನ 1979ರ ಜೂನ್ 30ಕ್ಕೇ ಮುಗಿದಿದೆ. ಹಾಗೆಯೇ, ಕೂಡುಹಕ್ಕುದಾರರಿಗೆ ಮೊದಲು ಕೇಳಬೇಕು ಅನ್ನುವ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಕೃಷಿಭೂಮಿಗೂ ಅನ್ವಯಿಸುತ್ತೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದು ಅಪ್ಪನ ವಾರಸುದಾರರಾದ ನಿಮ್ಮ ಮೂವರ ನಡುವಿನದು. ವಾಟ್ನಿ ಆಗಿರೋದರಿಂದ ಕಾಕಾ ಅವರಿಗೆ ಅದು ಸಿಗಲ್ಲ. ಅವರನ್ನು ಮೊದಲು ಕೇಳಬೇಕೋ ಬೇಡವೋ ಅನ್ನೋದು ಪೂರ್ತಿ ನಿಮ್ಮ ಮನಸ್ಸಿಗೆ ಬಿಟ್ಟಿದ್ದು. ಕೇಳಿ ಅಂತ ನಾನು ಹೇಳುತ್ತೇನೆ, ಒತ್ತಾಯ ಮಾಡಿಯೇ ಹೇಳುತ್ತೇನೆ.

ಹಾಗಾದರೆ ಏನು ಮಾಡೋದು? ದುಡ್ಡಿನ ತುರ್ತು ಇಲ್ಲದಿದ್ದರೆ ಮಾರಬೇಡಿ. ನಿಮ್ಮ ಮೂವರ ಹೆಸರಲ್ಲಿ ಫ್ರೂಟ್ಸ್ ನೋಂದಣಿ ಮಾಡಿಸಿ, ಪ್ರತಿ ವರ್ಷ ಬೆಳೆ ವಿಮೆ ನೀವೇ ಕಟ್ಟಿ. ಮುಂಗಾರು ಬೆಳೆಗೆ ವಿಮಾ ಮೊತ್ತದ 2 ಪರ್ಸೆಂಟ್, ಹಿಂಗಾರಿಗೆ ಒಂದೂವರೆ. ಪರಿಹಾರ ಬಂದರೆ ಖರ್ಚು ಹಾಕಿದವರಿಗೆ ಅವರ ಪಾಲು ಕೊಡಿ. ಇದೊಂದೇ ಕೆಲಸದಿಂದ ಅವರ ನೆಲೆ ಎಷ್ಟೋ ಗಟ್ಟಿಯಾಗುತ್ತೆ.

ದುಡ್ಡು ಬೇಕೇ ಬೇಕು ಅಂದರೆ ಎಂಟೂ ಎಕರೆ ಯಾಕೆ? ಎಷ್ಟು ಬೇಕೋ ಲೆಕ್ಕ ಹಾಕಿ, ರಸ್ತೆ ಬದಿಯ ಎರಡು ಅಥವಾ ಮೂರು ಎಕರೆ ಸಾಕಾಗಬಹುದು. ಕಾಕಾ ಅವರ ಮಗನಿಗೆ ಒಂದೆರಡು ಎಕರೆ, ಬೆಳೆಯ ಬೆಲೆಗೂ ಏಜೆಂಟ್ ಬೆಲೆಗೂ ನಡುವಿನ ಒಂದು ರೇಟಿಗೆ, ನಾಲ್ಕೈದು ರಾಶಿಯ ಕಂತಿನಲ್ಲಿ ಕೊಡೋಕಾಗುತ್ತಾ ನೋಡಿ. ನಿಮಗೆ ಸ್ವಲ್ಪ ನಷ್ಟವೇ. ಆದರೂ ಇಷ್ಟು ವರ್ಷ ಒಂದು ಕಾಗದ ಕೇಳದೆ ಪಾಲು ತಂದುಕೊಟ್ಟವರು ಅವರು. ಸರ್ವೆ ನಂಬರಿನ ಒಂದು ಭಾಗ ಮಾರಲು, ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಅದನ್ನು ಮಾಡಿಸುವಾಗಲೇ, ಮಾರುವ ತುಂಡು ಅಂಚಿಗೆ ಬರುವ ಹಾಗೆ, ಬೇಕಿದ್ದರೆ ಕಾಕಾ ಅವರ ಜೊತೆ ಅದಲುಬದಲು ಪತ್ರ ರಿಜಿಸ್ಟರ್ ಮಾಡಿಸಿಕೊಂಡು ಹೊಂದಿಸಿ. ಅವರ ಹೊಲ ನಡುವೆ ಸಿಕ್ಕಿಕೊಳ್ಳಬಾರದು. ಖರೀದಿ ಪತ್ರದ ಚಕ್ಕುಬಂದಿಯಲ್ಲಿ (ನಾಲ್ಕೂ ದಿಕ್ಕಿನ ಗಡಿ ವಿವರದಲ್ಲಿ) ಬಂಡಿದಾರಿಯನ್ನು ಅಳತೆ ಸಮೇತ ಬರೆಸಿ. ಬಾವಿ ಇದ್ದರೆ ನೀರಿನ ಪಾಳಿಯನ್ನೂ ಬರೆಸಿ. ನಿಂತ ಬೆಳೆ ರಾಶಿ ಆಗುವವರೆಗೆ ಸ್ವಾಧೀನ ಕೊಡಲ್ಲ ಅಂತ ಒಂದು ಸಾಲು ಇರಲಿ. ದುಡ್ಡು ಪೂರ್ತಿ ಬ್ಯಾಂಕ್ ಮೂಲಕವೇ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಯಜಮಾನರ ಆಫೀಸಿನ ಆ ಇಬ್ಬರಿಗೂ ಒಂದು ಮಾತು ಮುಟ್ಟಿಸಿ. 60 ಎಕರೆಯನ್ನು ತುಂಡು ಮಾಡಿ, 'ನಾವೇ ನೋಡಿಕೊಳ್ಳುತ್ತೇವೆ, ಇಷ್ಟು ಲಾಭ ಗ್ಯಾರಂಟಿ' ಅಂತ ಯಾರಾದರೂ ಬರೆದುಕೊಟ್ಟರೆ, ಅದು ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಣಿ ಆಗಬೇಕಾದ ಸಾಮೂಹಿಕ ಹೂಡಿಕೆ ಯೋಜನೆ ಆಗುತ್ತಾ ಅಂತ ಮೊದಲು ವಿಚಾರಿಸಲಿ. ಕೃಷಿ ಜಮೀನಿನ ಹೆಸರಲ್ಲಿ ಜನರಿಂದ ದುಡ್ಡು ಕೂಡಿಸಿದ ಪಿಎಸಿಎಲ್‌ಗೆ, ಅಂಥ ನೋಂದಣಿ ಇಲ್ಲದ ಕಾರಣ, 49,100 ಕೋಟಿ ವಾಪಸ್ ಕೊಡಿ ಅಂತ ಸೆಬಿ ಆದೇಶ ಮಾಡಿದ್ದು 2014ರಲ್ಲಿ. ದುಡ್ಡು ಹಾಕಿದವರು ಆಮೇಲೂ ವರ್ಷಗಟ್ಟಲೆ ಕಾದರು. ಕೊಂಡೇ ಕೊಳ್ಳುತ್ತಾರೆ ಅಂದರೆ, ಬೇಲಿ ಹಾಕುವ ಮುಂಚೆ ಒಂದು ಸಲ ಊರಿಗೆ ಬಂದು ಅಕ್ಕಪಕ್ಕದವರ ಜೊತೆ ದಾರಿ, ನೀರು, ಒಡ್ಡಿನ ಬಗ್ಗೆ ಕೂತು ಮಾತಾಡಲಿ, ಅಲ್ಲಿಯ ಒಕ್ಕಲಿಗೇ ಉಳುಮೆ ಕೊಡಲಿ.

ಎಳ್ಳಮಾವಾಸ್ಯೆಗೆ ಹೋದಾಗ ಚರಗ ಚೆಲ್ಲಿ, ಊಟ ಆದಮೇಲೆ ಕಾಕಾ ಅವರನ್ನು ಕರೆದುಕೊಂಡು ಹೊಲದ ನಾಲ್ಕೂ ಬದು ಸುತ್ತಿ ಬನ್ನಿ. ಉತಾರ ಮತ್ತು ಗ್ರಾಮ ನಕಾಶೆಯ ಪ್ರತಿ ಕೈಯಲ್ಲಿರಲಿ, ಬಂಡಿದಾರಿ ಎಲ್ಲಿದೆ, ಮಳೆ ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತೆ, ಯಾರ ಬೋರ್ ಎಷ್ಟು ಅಡಿ, ಎಲ್ಲಾ ಗುರುತು ಹಾಕಿಕೊಳ್ಳಿ. 14 ಲಕ್ಷದ ಮಾತನ್ನು ಅವರಿಗೆ ನೀವೇ ಹೇಳಿ, ಏಜೆಂಟ್ ಬಾಯಿಂದ ಅವರು ಕೇಳಬಾರದು. ಅಲ್ಲಿಯವರೆಗೆ ಸಂಚಕಾರ ಅಂತ ಒಂದು ರೂಪಾಯಿಯನ್ನೂ ಹಿಡಿಯಬೇಡಿ, ಯಾವ ಕಾಗದಕ್ಕೂ ಅವ್ವನ ಹೆಬ್ಬೆಟ್ಟು ಹಾಕಿಸಬೇಡಿ.